ಮಸುಕಾದ ಚಂದ್ರ

ಶಿರಸಿಯ ಕಣ್ಣಿನ ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಅರವತ್ತು ದಾಟಿದ ಒಬ್ಬರು ತಂಗಿಯ ಜೊತೆ ಕೂತಿದ್ದರು. ಅವರ ತೊಡೆಯ ಮೇಲೆ ಕ್ಯಾಮೆರಾ ಇತ್ತು. ಕಾದು ಕಾದು ಇಬ್ಬರ ದನಿಯೂ ಸೋತಿತ್ತು.

“ಆಸ್ಪತ್ರೆಗೂ ಇದನ್ನ ಎಂತಕ್ಕೆ ತಂದೆ ಗೋವಿಂದಣ್ಣ?”

“ನೀ ಹೇಳಿದ್ದಕ್ಕೆ ಕಣ್ಣು ತೋರಿಸ್ತೆ. ಇಲ್ಲಿಂದ ಹಂಗೇ ಇದನ್ನ ರಿಪೇರಿಗೆ ಕೊಡವು. ಲೆನ್ಸ್ ಹಾಳಾಯ್ದು. ನಾಕು ಹುಣ್ಣಿಮೆ ಆತು, ಚಂದ್ರ ಮಸುಕಾಗೇ ಬತ್ತಾ ಇದ್ದು.”

“ಹುಬ್ಬಳ್ಳಿ ರಿಪೇರಿಯವ್ರು ಸರಿ ಇದ್ದು ಹೇಳಿದ್ರಲಾ?”

“ಅವ್ರಿಗೆ ಎಂತ ಗೊತ್ತಿದ್ದು?”

“ಕೊಡು, ನೋಡ್ತೆ.”

ತಂಗಿ ಒಂದೊಂದೇ ಚಿತ್ರ ಸರಿಸಿದರು. ಕನ್ನಡಕ ಒರೆಸಿಕೊಂಡು ಮತ್ತೆ ಮೊದಲಿನಿಂದ ನೋಡಿದರು.

“ಮಸುಕು ಅಲ್ದನೇ ಸೀತಾ?”

“ಇಲ್ಲೆ ಅಣ್ಣ. ಎಲ್ಲಾ ಚೊಲೋ ಇದ್ದು. ಚಂದ್ರನ ಮೈಮೇಲಿನ ಕುಳಿನೂ ಕಾಣ್ತು.”

ಅಣ್ಣ ಕಣ್ಣು ಉಜ್ಜಿಕೊಂಡರು.

“ಹಂಗಾರೆ ಸಮುದ್ರದ್ದೂ ಸರಿಯಾಗೇ ಇತ್ತೇನ.”

“ಯಾವ ಸಮುದ್ರ?”

“ಕುಮಟಾದಲ್ಲಿ ಮಗಳ ಮನೆಲಿದ್ದಾಗ ಒಂದು ತಿಂಗಳು ದಿನಾ ತೆಗೆದಿದ್ದು. ಮಸುಕು ಹೇಳಿ ಎಲ್ಲಾ ಅಳಸಿ ಆತು.”

“ಒಂದೂ ಇಲ್ಯಾ?”

“ಒಂದೂ ಇಲ್ಲೆ.”

ನರ್ಸ್ ಅಣ್ಣನ ಹೆಸರು ಕರೆದಳು. ಅವರು ನಿಧಾನವಾಗಿ ಎದ್ದರು.

“ಇನ್ಮೇಲೆ ಅಳಸೂ ಮೊದ್ಲು ನಿಂಗೆ ತೋರಿಸ್ತೆ,” ಎಂದರು.

ಕ್ಯಾಮೆರಾವನ್ನು ತಂಗಿಯ ಕೈಯಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ನಡೆದರು.