ಹಿಂದಿನವರಿಗೆ ದೀಪ ಇಲ್ಲ

ನಗೋದಾದರೆ ಈಗಲೇ ಎದ್ದು ಹೋಗಿ ಮಲಗಿ, ನಾನು ಹೇಳುವುದಿಲ್ಲ. ಇದು ನನ್ನ ದೊಡ್ಡಮ್ಮನ ಮಗನಿಗೆ ಆದದ್ದು. ಅಣ್ಣ ಎಂಥವನು ಗೊತ್ತಲ್ಲ, ದೆವ್ವ ಅಂದರೆ "ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆಯಾ ಅದು?" ಎಂದು ಕೇಳುವ ಗುಮಾಸ್ತ. ಹದಿನಾಲ್ಕು ವರ್ಷದಿಂದ ಅದೇ ಆಫೀಸು, ಅದೇ ಸೈಕಲ್ಲು, ಅದೇ ಒಂಬತ್ತು ಕಿಲೋಮೀಟರ್ ದಾರಿ.

ಚಳಿಗಾಲ. ಆಫೀಸು ಬಿಟ್ಟು ಹೊರಡುವಾಗಲೇ ಕತ್ತಲಾಗಿತ್ತು. ರೈಲ್ವೆ ಗೇಟಿಗೆ ಮುಂಚೆ ಒಂದು ತಿರುವು, ಅಲ್ಲೊಂದು ಹಾಳುಬಾವಿ, ಬಾಯಿಗೆ ಕಬ್ಬಿಣದ ಜಾಲರಿ. ಅಲ್ಲಿ ಇಳಿಜಾರು. ಅಣ್ಣ ತುಳಿಯುವುದನ್ನು ನಿಲ್ಲಿಸಿದ. ಚಕ್ರ ಟಿಕ್ ಟಿಕ್ ಟಿಕ್ ಅನ್ನುತ್ತಾ ತಾನೇ ಉರುಳುತ್ತಿತ್ತು... ಹಿಂದೆ ಇನ್ನೊಂದು ಸದ್ದು. ಕಿರ್ರ್... ಟಕ್. ಕಿರ್ರ್... ಟಕ್. ಪೆಡಲು ಚೈನ್ ಕವರಿಗೆ ತಾಗುವ ಸದ್ದು. ತಿರುಗಿ ನೋಡಿದ. ಯಾರೂ ಇಲ್ಲ.

ಗೇಟು ಹಾಕಿತ್ತು. ಗೇಟಿನವನು ಹೊಸಬ, ಬಂದು ಒಂದು ವಾರವಾಗಿತ್ತು ಅಷ್ಟೆ. ಹತ್ತಿರ ಬಂದು ಮೆಲ್ಲಗೆ ಹೇಳಿದ.

"ಸಾರ್, ನಿಮ್ಮ ಹಿಂದೆ ಬರ್ತಿದಾರಲ್ಲ, ಅವರಿಗೆ ದೀಪ ಇಲ್ಲ. ಸ್ವಲ್ಪ ಹೇಳಿ."

"ಯಾರಿಗೆ?"

"ನಿಮ್ಮ ಜೊತೆಯವರಿಗೇ ಸಾರ್. ಲಾರಿ ಓಡಾಡೋ ರಸ್ತೆ..."

ಅಣ್ಣ ಸೈಕಲ್ಲಿನಿಂದ ಇಳಿದುಬಿಟ್ಟ. ಯಾಕೆ ಅಂದರೆ, ಎರಡು ತಿಂಗಳ ಹಿಂದೆ ಅದೇ ತಿರುವಿನಲ್ಲಿ ಟಪಾಲಿನವರು ಸತ್ತಿದ್ದರು.

ಟಪಾಲಿನವರು ಅಂದರೆ ಅಣ್ಣನ ಆಫೀಸಿನಲ್ಲಿ ಕಾಗದ ಪತ್ರ ರವಾನಿಸುವ ಗುಮಾಸ್ತರು. ಎಂಟು ವರ್ಷ ಇಬ್ಬರೂ ಅಕ್ಕಪಕ್ಕ ಸೈಕಲ್ ತುಳಿದುಕೊಂಡು ಹೋಗಿ ಬಂದವರು. ಕಿರ್ರ್ ಟಕ್ ಅನ್ನುತ್ತಿದ್ದದ್ದು ಅವರ ಸೈಕಲ್ಲು. "ಒಂದು ತೊಟ್ಟು ಎಣ್ಣೆ ಬಿಡ್ರೀ, ಅದರ ಪ್ರಾಣ ಯಾಕೆ ತಿಂತೀರ" ಎಂದು ಅಣ್ಣ ದಿನಾ ರೇಗಿಸುತ್ತಿದ್ದ. ಅವತ್ತು ಮಗಳಿಗೆ ಜ್ವರ ಎಂದು ಅಣ್ಣ ಬೇಗ ಹೊರಟ. ಅವರು ತಡವಾಗಿ, ಒಬ್ಬರೇ ಬಂದರು. ಹಿಂದಿನಿಂದ ಲಾರಿ.

ಆಫೀಸಿನಲ್ಲಿ ವಿಚಾರಣೆ ಆಯಿತು. "ಅವರ ಸೈಕಲ್ಲಿಗೆ ಹಿಂದಿನ ದೀಪ ಇತ್ತೇನ್ರೀ?" ಎಂದು ಸಾಹೇಬರು ಕೇಳಿದರು. "ಇರಲಿಲ್ಲ ಸಾರ್" ಅಂದ ಅಣ್ಣ. ಮಾತು ನಿಜವೇ. ಅವರ ಕೆಂಪು ಬ್ಯಾಟರಿ ದೀಪ ಅವತ್ತು ಎಲ್ಲಿತ್ತು ಅಂತ ಮಾತ್ರ ಹೇಳಲಿಲ್ಲ. ಅದು ಅಣ್ಣನ ಸೈಕಲ್ಲಿನ ಹಿಂದೆ ಇತ್ತು. ಫೈಲಿನಲ್ಲಿ "ಮೃತರದೇ ತಪ್ಪು" ಎಂದು ಬರೆದರು. ಆ ಒಂದು ಸಾಲಿನಿಂದ ಅವರ ಹೆಂಡತಿಗೆ ಸಿಗಬೇಕಾದ ಕೆಲಸ ನಿಂತುಹೋಯಿತು. ಇಬ್ಬರು ಮಕ್ಕಳನ್ನು ಇಟ್ಟುಕೊಂಡು ಆಕೆ ಆಫೀಸಿನ ಮೆಟ್ಟಿಲು ಹತ್ತಿ ಇಳಿದು ಸುಸ್ತಾದರು.

ಗೇಟಿನವನು ಹೇಳಿದ ಮಾರನೆಯ ಸಂಜೆ ಸ್ಕೂಟರಿನವಳೊಬ್ಬಳು ಪಕ್ಕಕ್ಕೆ ಬಂದು, "ನಿಮ್ಮ ಹಿಂದಿನವರಿಗೆ ದೀಪ ಇಲ್ಲ ನೋಡಿ" ಅಂದಳು. ಅದರ ಮಾರನೆಯ ದಿನ ಸರ್ಕಲ್ಲಿನ ಪೊಲೀಸು. ಅಣ್ಣ ದಾರಿ ಬದಲಿಸಿದ. ಅಲ್ಲೂ ಯಾರೋ ಒಬ್ಬರು ಕೂಗಿ ಹೇಳಿದರು. ಒಬ್ಬರ ಮುಖದಲ್ಲೂ ತಮಾಷೆ ಇಲ್ಲ, ಪಾಪ, ಒಳ್ಳೆಯದಕ್ಕೇ ಹೇಳುವವರು. ಅಣ್ಣನಿಗೆ ಊಟ ಸೇರದಾಯಿತು. ಒಂದು ದಿನ ನನ್ನ ಹತ್ತಿರ ಬಾಯಿಬಿಟ್ಟ.

"ದೀಪ ಅವರೇ ಕೊಟ್ಟಿದ್ದು ಕಣೋ. ನಿಮ್ಮ ಬ್ಯಾಟರಿ ಹೋಗಿದೆಯಲ್ಲ, ಮಗಳಿಗೆ ಬೇರೆ ಹುಷಾರಿಲ್ಲ, ಹಾಕ್ಕೊಂಡು ಹೋಗಿ ಅಂತ."

"ಹಾಗಾದ್ರೆ ಹೋಗಿ ಅದನ್ನೇ ಹೇಳು" ಅಂದೆ.

ಹೇಳಲಿಲ್ಲ. ಭಾನುವಾರ ಟಪಾಲಿನವರ ಮನೆ ಹತ್ತಿರ ಹೋಗಿದ್ದಾನೆ. ಪೊಲೀಸರು ವಾಪಸ್ಸು ಕೊಟ್ಟ ಸೈಕಲ್ಲು ಹಿಂದಿನ ಚಕ್ರ ಡೊಂಕಾಗಿ ಕಾಂಪೌಂಡಿನ ಗೋಡೆಗೆ ಒರಗಿತ್ತಂತೆ. ಅದಕ್ಕೆ ದೀಪ ಸಿಕ್ಕಿಸಿ, ಬಾಗಿಲೂ ತಟ್ಟದೆ, ಕಳ್ಳನ ಹಾಗೆ ವಾಪಸ್ಸು ಬಂದ.

ಸೋಮವಾರ ಗೇಟಿನವನು ಅಂದ, "ಇದೇನ್ ಸಾರ್... ಇವತ್ತು ನಿಮಗೂ ಇಲ್ವಲ್ಲ."

ಅವತ್ತೇ ನನ್ನನ್ನು ಕರೆದುಕೊಂಡು ಅವರ ಮನೆಗೆ ಹೋದ. ಒಬ್ಬನೇ ಹೋಗಲು ಧೈರ್ಯವಿಲ್ಲ. ಆಕೆ ಮಕ್ಕಳ ಸ್ಕೂಲ್ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಅಣ್ಣ ನಿಂತುಕೊಂಡೇ ಹೇಳಿದ, ದೀಪ ನನ್ನ ಹತ್ತಿರ ಇತ್ತು ಅಂತ. ಆಕೆ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು.

"ಅವರೇ ಕೊಟ್ರಾ?"

ಇಸ್ತ್ರಿ ಪೆಟ್ಟಿಗೆ ಟಿಕ್ ಎಂದು ಆರಿತು. ಅಣ್ಣ ಅದನ್ನೇ ನೋಡುತ್ತಾ ಹೇಳಿದ.

"ಇಲ್ಲ. ಕೇಳಲಿಲ್ಲ. ಸ್ಟ್ಯಾಂಡಿನಲ್ಲಿ ಬಿಚ್ಕೊಂಡೆ. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ."

ನನಗೂ ಸುಳ್ಳು ಹೇಳಿದ್ದ! ಒಡಹುಟ್ಟಿದವನಿಗಿಂತ ಹೆಚ್ಚು ಅಂದುಕೊಂಡವನು. ಆ ಕ್ಷಣ ಅವನ ಮುಖ ನೋಡಲು ನನಗೆ ಅಸಹ್ಯವಾಯಿತು.

"ಅವತ್ತು ಫೋನ್ ಮಾಡಿದ್ರು," ಆಕೆ ಅಂದರು. ದನಿ ಏರಲಿಲ್ಲ. "ದೀಪ ಯಾರೋ ಎತ್ತಿದಾರೆ, ಸ್ಟ್ಯಾಂಡೆಲ್ಲ ಹುಡುಕ್ತಿದೀನಿ, ತಡ ಆಗುತ್ತೆ ಅಂತ. ಹುಡುಕ್ತಾ ಒಂದು ಗಂಟೆ ಕಳೆದ್ರು." ಅತ್ತಿದ್ದರೆ, ಬೈದಿದ್ದರೆ ಪರವಾಗಿರಲಿಲ್ಲ. "ಈಗ ಹೇಳಿದ್ದನ್ನೇ ಬರೆದು ಕೊಡಿ. ನಾಳೇನೇ" ಅಂದು ಮತ್ತೆ ಇಸ್ತ್ರಿಗೆ ಕೈ ಹಾಕಿದರು.

ಬರೆದುಕೊಟ್ಟ. ಒಂದಕ್ಷರ ಬಿಡದೆ. ಫೈಲಿನ ಆ ಸಾಲು ಹೊಡೆದುಹಾಕಿದರು, ಆಕೆಗೆ ಕೆಲಸ ಸಿಕ್ಕಿತು, ಗಂಡ ಕೂರುತ್ತಿದ್ದ ಕುರ್ಚಿಯೇ. ಅಣ್ಣನ ಜೊತೆ ಆಫೀಸಿನಲ್ಲಿ ಯಾರೂ ಊಟಕ್ಕೆ ಕೂರುವುದಿಲ್ಲ, ಈಗಲೂ. ಆದರೆ ದೀಪದ ಮಾತು ನಿಂತಿತು. ಗೇಟಿನವನೂ ಸುಮ್ಮನಾದ. "ಮುಗೀತು ಕಣೋ" ಎಂದು ಅಣ್ಣ ನನ್ನ ಕೈ ಹಿಡಿದುಕೊಂಡು ಅತ್ತ. ನಾನೂ ಹಾಗೇ ಅಂದುಕೊಂಡೆ.

ಆರು ತಿಂಗಳಾದ ಮೇಲೆ ಒಂದು ಸಂಜೆ ಅಣ್ಣನಿಗಾಗಿ ಗೇಟಿನ ಹತ್ತಿರ ಕಾಯುತ್ತಿದ್ದೆ. ಗೇಟು ಹಾಕಿತ್ತು. ಮೊದಲು ಆಕೆ ಬಂದರು, ಹೊಸ ಸೈಕಲ್ಲಿನಲ್ಲಿ. ನಾಲ್ಕು ಮಾರು ಹಿಂದೆ ಅಣ್ಣ ಬಂದು ನಿಂತ. ಗೇಟು ಹಾಕಿದಾಗ ಜನ ಹೇಗೆ ನುಗ್ಗುತ್ತಾರೆ ನಿಮಗೇ ಗೊತ್ತು. ಸ್ಕೂಟರು, ಆಟೋ, ಎಲ್ಲ ಒತ್ತಿಕೊಂಡು ನಿಂತವು. ಅಣ್ಣನ ಎಡಗಡೆ ಮಾತ್ರ ಒಂದು ಸೈಕಲ್ಲಿಗಾಗುವಷ್ಟು ಜಾಗ. ಯಾರೂ ಅಲ್ಲಿಗೆ ಬರಲಿಲ್ಲ.

ಗೇಟಿನವನು ಆ ಕಡೆ ನೋಡಿ ಆಕೆಯ ಹತ್ತಿರ ಬಗ್ಗಿದ.

"ಅಮ್ಮಾ, ತಪ್ಪು ತಿಳೀಬೇಡಿ. ದಿನಾ ನಿಮ್ಮ ಹಿಂದೆ ಬರ್ತಾರಲ್ಲ ಇಬ್ಬರು... ಮೊದಲೆಲ್ಲ ಹಿಂದೆ ಮುಂದೆ ಬರ್ತಿದ್ರು, ಈಗ ಅಕ್ಕಪಕ್ಕ ಬರ್ತಾರೆ. ಆದ್ರೂ ಒಂದು ಮಾತು ಆಡಲ್ಲ. ಜಗಳನಾ?"

ಆಕೆ ತಿರುಗಿ ನೋಡಲಿಲ್ಲ.

"ಹೂಂ. ಜಗಳ" ಅಂದರು.

ನಾನು ಆಕೆಯಿಂದ ಒಂದು ಮಾರು ದೂರದಲ್ಲಿದ್ದೆ. ತಪ್ಪು ಕೇಳಿಸಿಕೊಂಡಿರಬೇಕು ಅನ್ನಬೇಡಿ. ರೈಲು ಇನ್ನೂ ಬಂದಿರಲಿಲ್ಲ.