ಪರದೆಯ ಹಿಂದೆ ನಕ್ಕವರು

ಅಯ್ಯೋ, ಆ ನಗು ನಿಮ್ಮ ಅಪ್ಪನ ಬಗ್ಗೆ ಅಲ್ಲಮ್ಮ! ಎಷ್ಟು ಸಲ ಹೇಳ್ಲಿ? ಮೊದಲು ಕೂತ್ಕೊಳ್ಳಿ. ಆ ಸ್ಟೂಲ್ ಬೇಡ, ಕಾಲು ಅಲ್ಲಾಡುತ್ತೆ. ಇಲ್ಲಿ, ಈ ಕುರ್ಚಿ ಮೇಲೆ. ಇದು ನಾವು ಸಿಸ್ಟರ್‌ಗಳು ಟೀ ಕುಡಿಯೋ ರೂಮು, ಯಾರೂ ಬರಲ್ಲ. ಆಪರೇಷನ್ ಮುಗಿದ ಕೂಡಲೇ ಮೇಲಿಂದ ಈ ಗೋಡೆ ಫೋನಿಗೆ ಹೇಳ್ತಾರೆ. ಹೊರಗೆ ಅಷ್ಟು ಜನದ ಮಧ್ಯೆ ಕೂಗಾಡಿದ್ರೆ ಹೊಟ್ಟೆ ಬೇಗ ಹೊಲಿದುಬಿಡ್ತಾರಾ?... ಸರಿ, ಸರಿ, ತಪ್ಪಾಯ್ತು. ಹಾಗನ್ನಬಾರದಿತ್ತು. ಎಮರ್ಜೆನ್ಸಿಯಲ್ಲೇ ಕೂದಲು ಹಣ್ಣಾಯ್ತು ನಂದು, ನಾಲಿಗೆಗೆ ಲಗಾಮಿಲ್ಲ.

ಕಂಪ್ಲೇಂಟ್ ಕೊಡ್ತೀರಾ? ಕೊಡಿ. ಬೇಡ ಅನ್ನೋಕೆ ನಾನ್ಯಾರು? ಬೆಳಿಗ್ಗೆ ಬಾಗಿಲಲ್ಲಿ ಯಾರಿದ್ರು, ಅಪ್ಪನ್ನ ಅಷ್ಟು ಹೊತ್ತು ಕುರ್ಚಿ ಮೇಲೆ ಕೂರಿಸಿದ್ದು ಯಾರು ಅಂತ ಕೇಳ್ತೀರಿ. ನನಗೇನು ಗೊತ್ತು? ನಂದು ಮಧ್ಯಾಹ್ನದ ಡ್ಯೂಟಿ. ನಾನು ಬರೋ ಹೊತ್ತಿಗೆ ಅವರು ಟ್ರಾಲಿ ಮೇಲಿದ್ರು, ಬಿ.ಪಿ. ಇಳಿದುಹೋಗಿತ್ತು. ಕರುಳು ತೂತಾಗಿದೆ ಅಂತ ಡಾಕ್ಟ್ರು ಮೇಲೆ ಓಡಿಸಿದ್ರು. ನನಗೆ ಗೊತ್ತಿರೋದು ಅಷ್ಟೇ.

ಏನು?... "ಪಾಸ್ ಮುಗೀತು, ಇಳಿಸಿ ಇವರನ್ನ" ಅಂತ ಕೇಳಿಸ್ತಾ? ಪರದೆ ಹಿಂದಿಂದಾನಾ? ಹೆಂಗಸಿನ ದನಿಯಾ?... ಯಾವುದೋ ಹೊಸ ಸಿಸ್ಟರ್ ಇರಬೇಕು. ಈಗಿನ ಹುಡುಗೀರಿಗೆ ಎಲ್ಲಿ ಏನು ಮಾತಾಡಬೇಕು ಅಂತಾನೇ ಗೊತ್ತಾಗಲ್ಲ. ನಾನು ವಿಚಾರಿಸ್ತೀನಿ, ಬಿಡಿ. ಈ ನೀರು ಕುಡೀರಿ. ಲೋಟ ತೊಳೆದಿದ್ದೇ.

ನೋಡಮ್ಮ, ನಮ್ಮಲ್ಲಿ ಒಂದು ಭಾಷೆ ಇದೆ. ಆಸ್ಪತ್ರೆಯಲ್ಲಿ ಕಲಿಸೋ ಭಾಷೆ ಅಲ್ಲ, ನಮ್ಮದೇ. ಕುಡಿದು ಬಿದ್ದವನು ಬಂದ್ರೆ "ಟ್ಯಾಂಕರ್". ಒಬ್ಬರಿಗೆ ಜ್ವರ, ಹಿಂದೆ ಇಡೀ ವಂಶ ಬಂತು ಅಂದ್ರೆ "ಮೆರವಣಿಗೆ". ಮೊಬೈಲ್‌ನಲ್ಲಿ ಓದ್ಕೊಂಡು ಬಂದು ಡಾಕ್ಟರಿಗೇ ಪಾಠ ಹೇಳೋನು "ಪ್ರೊಫೆಸರು". ಮನೇಲಿ ಜಗಳ ಆಡಿ ಮೂರ್ಛೆ ಬಿದ್ದೋರು, ಗಂಡಸಾಗ್ಲಿ ಹೆಂಗಸಾಗ್ಲಿ, "ನಾಯಕಿ"! ಸತ್ತರು ಅಂತ ಮಾತ್ರ ನಾವು ಯಾವತ್ತೂ ಅನ್ನಲ್ಲ. "ಲಿಫ್ಟ್ ಹತ್ತಿದ್ರು" ಅಂತೀವಿ... ಅಯ್ಯೋ, ಇಲ್ಲ ಇಲ್ಲ ಇಲ್ಲ! ನಿಮ್ಮ ಅಪ್ಪ ನಿಜವಾದ ಲಿಫ್ಟಲ್ಲೇ ಹೋದದ್ದು, ಆಪರೇಷನ್ನಿಗೆ! ಥೂ, ನನ್ನ ಬಾಯಿಗಿಷ್ಟು... ಕೂತ್ಕೊಳ್ಳಿ. ಏಳಬೇಡಿ ತಾಯಿ.

ಒಂದು ನಾಯಕಿ ಕಥೆ ಹೇಳ್ತೀನಿ, ಕೇಳಿ. ಇಷ್ಟುದ್ದ ಮೀಸೆ ಆಸಾಮಿ. ಹೆಂಡತಿ ತವರಿಗೆ ಹೊರಟಳು ಅಂತ ಹೊಸಲಿನ ಮೇಲೆ ದೊಪ್ಪಂತ ಬಿದ್ದಿದಾನೆ. ಕರೆದ್ರೆ ಮಾತಿಲ್ಲ, ಚಿವುಟಿದ್ರೆ ಮಾತಿಲ್ಲ. ರೆಪ್ಪೆ ಮಾತ್ರ ಪಟಪಟ ಅಂತಿದೆ. ಡಾಕ್ಟ್ರು ಜೋರಾಗಿ ಹೇಳಿದ್ರು, "ಸಿಸ್ಟರ್, ಆ ದೊಡ್ಡ ಸೂಜಿ ತನ್ನಿ, ಮೂಗಿನೊಳಗೆ ಹಾಕೋಣ." ಇವನು ಒಂದೇ ಒಂದು ಕಣ್ಣು ಬಿಟ್ಟು, "ಚಿಕ್ಕದು ಇಲ್ವಾ ಸಾರ್?" ಅಂದ!... ಹ್ಹಾ! ನೋಡಿ, ನಿಮಗೂ ನಗು ಬಂತು! ಬಂತು, ಬಂತು, ಮುಚ್ಚಿಡಬೇಡಿ! ಅಯ್ಯಪ್ಪಾ, ಅವನ ಮುಖ ನೆನೆಸ್ಕೊಂಡ್ರೆ ನನಗೆ ಇವತ್ತಿಗೂ... ಹ್ಹಹ್ಹಾ...

ಯಾಕಮ್ಮ? ಏನಾಯ್ತು? ನಗ್ತಾ ಇದ್ದವರು ಯಾಕೆ ಒಮ್ಮೆಗೇ ಹಾಗಾದ್ರಿ? ಮುಖ ಯಾಕೆ ಹೀಗಾಯ್ತು?... ತಲೆ ಸುತ್ತುತ್ತಾ? ಕಿಟಕಿ ತೆಗೀಲಾ?... ಬೇಡ್ವಾ. ಸರಿ.

ಕಲ್ಲು ಮನಸ್ಸಿನವರು ಅಂದ್ಕೋಬೇಡಿ ನಮ್ಮನ್ನ. ಒಂದ್ಸಲ ಒಂದು ಮಗು ಬಂತು. ನೀರಿನ ತೊಟ್ಟಿಗೆ ಬಿದ್ದಿತ್ತು. ಕೈ ಸೋತುಹೋಗೋವರೆಗೂ ಎದೆ ಒತ್ತಿದ್ವಿ. ಆಗಲಿಲ್ಲ. ಅದರ ತಾಯಿ ನನ್ನ ಸೆರಗು ಹಿಡ್ಕೊಂಡು ಬಿಡ್ಲೇ ಇಲ್ಲ. ಆಮೇಲೆ ನಾವೆಲ್ಲ ಈ ರೂಮಿಗೆ ಬಂದು ಬಾಗಿಲು ಹಾಕ್ಕೊಂಡ್ವಿ. ಡಾಕ್ಟರ ಒಂದು ಕಾಲಿಗೆ ಕಪ್ಪು ಸಾಕ್ಸು, ಇನ್ನೊಂದಕ್ಕೆ ಕಂದು. ಯಾರೋ ನೋಡಿದ್ರು. ಅದಕ್ಕೆ ನಕ್ವಿ, ನಕ್ವಿ, ಹೊಟ್ಟೆ ಹಿಡ್ಕೊಂಡು ನಕ್ವಿ, ಕಣ್ಣಲ್ಲಿ ನೀರು ಬರೋ ಹಾಗೆ. ಆಮೇಲೆ ಎದ್ದು ಹೋಗಿ ಇನ್ನೊಬ್ಬನ ತಲೆಗೆ ಹೊಲಿಗೆ ಹಾಕಿದ್ವಿ. ನಗದೇ ಇದ್ದಿದ್ರೆ ಆವತ್ತು ಯಾರ ಕೈಯಲ್ಲೂ ಸೂಜಿ ನಿಲ್ತಿರಲಿಲ್ಲ. ಅರ್ಥ ಆಗುತ್ತಲ್ಲ?... ಏನಾದ್ರೂ ಮಾತಾಡಿಯಮ್ಮ. ಆಗಿನಿಂದ ನಾನೇ ಬಡಬಡಿಸ್ತಾ ಇದೀನಿ.

"ಪಾಸ್" ಅಂದ್ರೆ... ಹೇಳ್ತೀನಿ. ಅದೇನು ಕೆಟ್ಟ ಮಾತಲ್ಲ. ಪದೇ ಪದೇ ಬರೋರು ಇರ್ತಾರೆ. ಬಸ್ಸಿನ ಪಾಸ್ ಮಾಡಿಸ್ಕೊಂಡ ಹಾಗೆ. ಬರ್ತಾರೆ, ಕೂರ್ತಾರೆ, ಏನೂ ಇಲ್ಲ ಅಂತ ಗೊತ್ತಾದ ಮೇಲೆ ಸಮಾಧಾನವಾಗಿ ಮನೆಗೆ ಹೋಗ್ತಾರೆ. ನಿಮ್ಮ ಅಪ್ಪ ರಿಟೈರಾದ ಕಂಡಕ್ಟರು, ಅಲ್ವಾ? ಅದಕ್ಕೇ ಆ ಹೆಸರು ಇನ್ನೂ ಚೆನ್ನಾಗಿ ಅಂಟ್ಕೊಳ್ತು. ಅವರಿಗೂ ಇಷ್ಟ ಅದು, ನನ್ನಾಣೆ! "ಪಾಸ್ ಇದೆ ಸಿಸ್ಟರ್, ಕಿಟಕಿ ಸೀಟು ಕೊಡಿ" ಅಂತ ಅವರೇ ಅನ್ನೋರು. ನಿಮ್ಮ ತಾಯಿ ಇದ್ದಕ್ಕಿದ್ದ ಹಾಗೆ ಹೋದ್ರಂತಲ್ಲ, ಆಗಿನಿಂದ ಅವರಿಗೆ ಒಂದು ತೇಗು ಬಂದ್ರೂ ಹೆದರಿಕೆ. ನೀವು ಕೆಲಸಕ್ಕೆ ಹೋದ ಮೇಲೆ ಎದೆಯಲ್ಲಿ ಚುಳ್ ಅಂತು, ಹೊಟ್ಟೆ ಗುಡುಗುಡು ಅಂತು ಅಂತ ಬಂದುಬಿಡೋರು. ನಿಮಗೆ ಹೇಳಬೇಡಿ ಅನ್ನೋರು. "ನನ್ನ ಮಗಳು ರಜಾ ಹಾಕಿಬಿಡ್ತಾಳೆ, ಪಾಪ" ಅನ್ನೋರು. ಅಳಬೇಡಿ... ಅಳಬೇಡಿಯಮ್ಮ.

ಎಂಥಾ ಶಿಸ್ತಿನ ಮನುಷ್ಯ! ಆಸ್ಪತ್ರೆಗೆ ಬರೋದಾದ್ರೂ ಮದುವೆಗೆ ಬಂದ ಹಾಗೆ. ಇವತ್ತು ನೋಡಿ, ಅಷ್ಟು ನೋವಿದ್ರೂ ಇಸ್ತ್ರಿ ಮಾಡಿದ ನೀಲಿ ಶರ್ಟು, ಎಣ್ಣೆ ಹಚ್ಚಿ ಬಾಚಿದ ತಲೆ, ಬಾಗಿಲ ಹತ್ರ ನಿಂತು ಚಪ್ಪಲಿ ಒರೆಸ್ಕೊಂಡು...

ಏನು? ಯಾಕೆ ಹಾಗೆ ನೋಡ್ತೀರಾ?

ಶರ್ಟು ನನಗೆ ಹೇಗೆ ಗೊತ್ತು ಅಂತಾನಾ? ಶರ್ಟು... ಕತ್ತರೀಲಿ ಕತ್ತರಿಸಿ ತೆಗೆದ್ರಲ್ಲ, ಅದು ಟ್ರಾಲಿ ಕೆಳಗೆ ಬಿದ್ದಿತ್ತು, ಆಗ ನೋಡಿದೆ. ಇಸ್ತ್ರಿ ಗೆರೆ ಹಾಗೇ ಇತ್ತು... ಚಪ್ಪಲಿ ವಿಷಯ ಯಾರೋ ಹೇಳಿದ್ರು. ಆ ಸೆಕ್ಯೂರಿಟಿಯವನು... ಅವನೇ ಇರಬೇಕು...

ಹಾಗೆ ನೋಡಬೇಡಿ ನನ್ನನ್ನ. ಬೈಯಿರಿ ಬೇಕಾದ್ರೆ. ಕೂಗಾಡಿ. ಹೊರಗೆ ಅಷ್ಟೊಂದು ಕೂಗ್ತಾ ಇದ್ರಲ್ಲ!

...ನಾನೇ.

ಬಾಗಿಲಲ್ಲಿ ಇದ್ದದ್ದು ನಾನೇ. ಮಧ್ಯಾಹ್ನದ ಡ್ಯೂಟಿ ಅಲ್ಲ, ಬೆಳಗಿನದು. ಯಾರು ಮೊದಲು ಒಳಗೆ ಹೋಗಬೇಕು, ಯಾರು ಕಾಯಬೇಕು ಅಂತ ಹೇಳೋಳು ನಾನು. ಅದೇ ನನ್ನ ಕೆಲಸ. ಆಗ ಒಂದು ವ್ಯಾನ್ ಪಲ್ಟಿ ಹೊಡೆದು ಜನ ಬಂದಿದ್ರು, ನೆಲದ ಮೇಲೆಲ್ಲ ರಕ್ತ. ಅದರ ಮಧ್ಯೆ ನಿಮ್ಮ ಅಪ್ಪ. ನೋಡಿದ ಕೂಡಲೇ ನನಗೆ... ಹೇಗೆ ಹೇಳ್ಲಿ... ಹಾಯ್ ಅನ್ನಿಸ್ತು. ಸದ್ಯ, ಇವರೊಬ್ಬರಿಗೆ ಏನೂ ಆಗಿಲ್ಲ ಅಂತ. ಒಳಗೆ ಕೂಗಿ ಹೇಳಿದೆ, "ಸಾರ್, ಪಾಸ್ ಬಂದಿದೆ!" ಡಾಕ್ಟ್ರು ತಲೆ ಎತ್ತದೇ "ಸಿರಪ್ ಕೊಟ್ಟು ಕೂರ್ಸಿ" ಅಂದ್ರು. ಅವರನ್ನ ಅನ್ನಬೇಡಿ. ಅವರ ಎರಡು ಕೈಯೂ ಒಬ್ಬನ ತೊಡೆ ಒತ್ತಿ ಹಿಡಿದಿದ್ವು. ಅವರು ನನ್ನ ಮಾತು ನಂಬಿದ್ರು. ಪಾಸ್ ಅಂದ ಮೇಲೆ ಏನಿದೆ ನೋಡೋಕೆ?

ನಿಮ್ಮ ಅಪ್ಪ ಹೇಳಿದ್ರು. "ಸಿಸ್ಟರ್, ಇವತ್ತಿನದು ಬೇರೆ ಥರ ಇದೆ" ಅಂದ್ರು. ನನ್ನ ಕೈ ಅವರ ಹೊಟ್ಟೆಗೆ ಒಂದು ಗೇಣು ದೂರ ಇತ್ತಮ್ಮ. ಮುಟ್ಟಿದ್ರೆ ಸಾಕಿತ್ತು! ಕರುಳು ತೂತಾದ ಹೊಟ್ಟೆ ಹಲಗೆ ಥರ ಗಟ್ಟಿ ಇರುತ್ತೆ, ನಿನ್ನೆ ಸೇರಿದ ಹುಡುಗಿಗೂ ಗೊತ್ತಾಗುತ್ತೆ. ನಾನು ಮುಟ್ಟಲಿಲ್ಲ. "ಇವತ್ತು ಪಾಸ್ ನಡೆಯಲ್ಲ, ಟಿಕೆಟ್ ತಗೊಳ್ಳಿ" ಅಂದೆ. ಆ ಕಡೆ ಈ ಕಡೆ ಓಡಾಡುವಾಗೆಲ್ಲ ಏನೋ ಒಂದು ಅಂದೆ. "ಯಾಕೆ ಸಾಹೇಬ್ರೇ, ಸೀಟು ಗಟ್ಟಿ ಇದೆಯಾ?" ಅಂದೆ. ಅವರೂ ನಕ್ಕರು. ಹಣೆ ತುಂಬ ಬೆವರು, ಆದ್ರೂ ನಗೋರು. ನನಗೆ ಬೇಜಾರಾಗಬಾರದು ಅಂತ ನಕ್ಕರೇನೋ. ನಗ್ತಾ ನಗ್ತಾನೇ ಪಕ್ಕಕ್ಕೆ ವಾಲಿದ್ರು.

ಹೊಸ ಸಿಸ್ಟರೂ ಇಲ್ಲ, ಯಾರೂ ಇಲ್ಲ. ಪರದೆ ಹಿಂದೆ ಆ ಮಾತಾಡಿದ್ದೂ ನಾನೇ. ಬಿ.ಪಿ. ಸಿಕ್ತಾ ಇರಲಿಲ್ಲ, ಸೂಜಿ ಚುಚ್ಚೋಕೆ ನರ ಸಿಗ್ತಿರಲಿಲ್ಲ... ಬಾಯಿಂದ ಬಂದುಬಿಡ್ತು. ನಗು ಬಂದುಬಿಡ್ತು. ಆ ನಗು ಆ ಕಡೆ ನಿಂತ ನಿಮ್ಮ ಕಿವಿಗೆ ಬಿತ್ತು. ಆಗ ಆ ಮೀಸೆಯವನ ಕಥೆಗೆ ನಾನು ನಕ್ಕೆನಲ್ಲ... ಆಗಲೇ ಗೊತ್ತಾಯ್ತು ಅಲ್ವಾ ನಿಮಗೆ? ಅಲ್ಲಿಂದಾಚೆ ಒಂದು ಮಾತೂ ಆಡಲಿಲ್ಲ ನೀವು. ನಾನೇನೋ ತಲೆ ಸುತ್ತಿರಬೇಕು ಅಂದ್ಕೊಂಡೆ.

ಫೋನು! ಇರಿ... ಹಲೋ. ಹೌದು. ಹೌದು, ಮಗಳು ಇಲ್ಲೇ ಇದಾರೆ... ಹೂಂ... ಸರಿ ಸಾರ್.

ಉಸಿರು ಬಿಡಿ. ಇದಾರೆ. ಹೊಲಿಗೆ ಹಾಕಿದಾರೆ. ಇನ್ನೂ ಗಂಡಾಂತರ ಕಳೆದಿಲ್ಲ, ಎರಡು ದಿನ ನೋಡಬೇಕು ಅಂತಿದಾರೆ. ಆದ್ರೆ ಇದಾರೆ. ನೀವು ಮೇಲೆ ಹೋಗಿ. ನಾನು ಬರಲ್ಲ. ಸೂಪರಿಂಟೆಂಡೆಂಟ್ ಹತ್ರ ನಾನೇ ಹೋಗಿ ಹೇಳ್ತೀನಿ, ನೀವೂ ಹೇಳಿ, ಕೆಲಸ ಹೋದ್ರೆ ಹೋಗ್ಲಿ. ಒಂದೇ ಒಂದು ಕೇಳ್ಕೋತೀನಿ. ಎಚ್ಚರ ಆದ ಮೇಲೆ ಅವರು ನಿಮ್ಮ ಹತ್ರ ಏನಂತಾರೆ ನನಗೆ ಗೊತ್ತು. "ಆ ಸಿಸ್ಟರ್ ಬಹಳ ಒಳ್ಳೆಯವರಮ್ಮ, ಬೆಳಿಗ್ಗೆಯಿಂದ ನನ್ನನ್ನ ನಗಿಸ್ತಾನೇ ಇದ್ರು" ಅಂತಾರೆ. ಹಾಗನ್ನೋಕೆ ಬಿಡಬೇಡಿ ಅವರನ್ನ. ಅಷ್ಟು ಮಾಡಿ ಸಾಕು.