ದೇವರ ಮಂಟಪಕ್ಕ ಹಚ್ಚಿದ ಸರಸ

ಹಂಗಲ್ಲವಾ ಸ್ನೇಹಾ, ಆ ಅಂಟಿನ ಟ್ಯೂಬ್ ಮೊದಲ ಕೆಳಗಿಡು, ಅದು ಗೊಂಬಿ ಕೈ ಹಚ್ಚಲಿಕ್ಕೆ ಸರಿ, ಸ್ಟೂಲಿನ ಕಾಲಿಗಲ್ಲ, ಇವತ್ತು ಹಿಡದಂಗ ಮಾಡ್ತದ, ನಾಳೆ ನಿಮ್ಮಪ್ಪ ಬಲ್ಬ್ ಹಾಕಲಿಕ್ಕೆ ಹತ್ತಿದ ಅಂದ್ರ ಸೊಂಟ ಮುರಕೋತಾನ. ಕಟಗೀಗೆ ಕಟಗೀ ಅಂಟು ಬೇರೆ ಇರ್ತದ. ಅದರಾಗೂ ಒಂದಲ್ಲ, ನಾಕಾರು. ಒಳಗಿಡೂ ಸಾಮಾನಕ್ಕ ಬಿಳೀ ಅಂಟು, ನೀರು ಬೀಳೂ ಬಾಗಲಕ್ಕ ಎರಡು ಡಬ್ಬಿ ಕೂಡಿಸಿ ಕಲಸೂದು, ಮ್ಯಾಲೆ ಸನ್‌ಮೈಕಾ ಹಾಳಿ ಅಂಟಸಲಿಕ್ಕೆ ಆ ಮೂಗು ಸುಡೂ ರಬ್ಬರಿಂದು. ನಾ ಏನು ಬಡಗ್ಯಾನ ಮಗಳಲ್ಲ, ಬಡಗ್ಯಾನ ಹೇಂತಿ, ಅಷ್ಟ. ಜೀವನಾನ ಅಂಟಿನ ವಾಸನ್ಯಾಗ ಹೋತು, ಕಲೀದ ಏನು ಮಾಡ್ಲಿ. ನಿಮ್ಮಜ್ಜಾರಿಗೆ ಇದೆಲ್ಲಾ ನನಗಿಂತ ಹತ್ತು ಪಾಲು ಗೊತ್ತಿತ್ತು. ಗೊತ್ತಿದ್ದೂ ಅಂಟಿನ ವಿಷಯದಾಗ ಮೋಸ ಹೋದ್ರು. ಒಂದು ಮಾತಿಗೆ ಮೋಸ ಹೋದ್ರು. ಕೂಡ್ರು, ನೀನೂ ಬಾರೋ ಸಮರ್ಥ, ಆ ಮೊಬೈಲ್ ಒಳಗಿಟ್ಟು ಬಾ.

ನಾವು ಕಲಘಟಗಿ ಕಡೆಯಿಂದ ಪುಣೆಕ್ಕ ಬಂದಾಗ ಈಗ ನಾವಿರೂ ಈ ಕೋಥರೂಡ ಎಲ್ಲಿತ್ತು, ಬರೇ ಹೊಲ. ಅಲ್ಲ, ಪೂರಾ ಹೊಲ ಅಲ್ಲ, ಅಲ್ಲೊಂದು ಇಲ್ಲೊಂದು ಬಂಗಲೆ ಇದ್ವು. ನಿಮ್ಮಜ್ಜಾರು ದಂಡಿನ ಕ್ಯಾಂಪಿನಾಗ ಒಂದು ಕಟಗೀ ವಖಾರ್ಯಾಗ ಕೆಲಸಕ್ಕ ಹತ್ತಿದ್ರು. ಮರಾಠಿ ಬರ್ತಿದ್ದಿಲ್ಲ. ವಖಾರ್ಯಾಗ ಎಷ್ಟು ಕಿವಿಗೆ ಬೀಳತಿತ್ತೋ ಅಷ್ಟ, ಕರವತಕ್ಕ ಏನಂತಾರ, ಕಟಗೀ ಹೆರಿಯೂ ರಂಧಾಕ್ಕ ಏನಂತಾರ. ಅಲ್ಲಿ ಮೇಸ್ತ್ರಿ ಮುಂಜಾನಿಂದ ಸಂಜೀ ತನಕ ಒದರೂದು ಒಂದ, "ಸರಸ ಆಣ ರೇ! ಸರಸ ತಾಪವ!" ಸರಸ ತಾ, ಸರಸ ಕಾಸು ಅಂತ. ಸರಸ ಅಂದ್ರ ನಮ್ಮ ಕಡೆ ಸರೇಸು ಅಂತಾರಲ್ಲ, ಅದು. ದನದ ತೊಗಲು ಎಲಬು ಕುದಿಸಿ ಮಾಡೂ ಅಂಟು. ಗಟ್ಟಿ ಬೆಲ್ಲದಂಗ ಬರ್ತದ, ನೀರಾಗ ನೆನೆ ಹಾಕಬೇಕು, ಬಿಸಿ ನೀರಿನ ಪಾತೇಲ್ಯಾಗ ಇನ್ನೊಂದು ಡಬ್ಬಿ ಇಟ್ಟು ಕಾಸಬೇಕು. ಆ ನಾತ ಏನ್ ಹೇಳ್ಲಿ, ಅಂಗಿ ಒಗದ್ರೂ ಹೋಗ್ತಿದ್ದಿಲ್ಲ, ನಾ ಮೂಗಿಗೆ ಸೆರಗ ಹಿಡಕೊಂಡ ಬಡಸ್ತಿದ್ದೆ. ಖುರ್ಚಿ ಮಂಚಕ್ಕ ಅದರಂಥದ್ದು ಇನ್ನೊಂದಿಲ್ಲ, ಬಿಸಿ ಉಗಿ ತೋರ್ಸಿದ್ರ ಬಿಡ್ತದ, ರಿಪೇರಿ ಹಗರ. ಅದಕ್ಕ ಮಳಿಗಾಲದಾಗ ಥಂಡಿ ಹಿಡದ್ರೂ ಬಿಡ್ತದ, ಹಂಗ ಅದರ ಗುಣ.

ಈಗ ಒಂದು ಮಾತು ಹೇಳ್ತೀನಿ, ಯಾರೂ ಹೇಳಿರಲಿಕ್ಕಿಲ್ಲ ನಿಮಗ. ನಿಮ್ಮಪ್ಪಗ ಒಬ್ಬಾಕಿ ಅಕ್ಕ ಇದ್ಲು. ಗೌರಿ. ಹೌದು, ಇದ್ಲು, ಬಾಯಿ ಮುಚ್ರಿ. ಅಂಬೆಗಾಲ ಇಡೂ ಕೂಸು. ಎದಿ ಕಟ್ಟೂ ಜಡ್ಡು ಇತ್ತು ಆಕೀಗೆ, ಹಸಿ ಜಾಗಾ ಆಗ್ತಿದ್ದಿಲ್ಲ, ಒಂದೀಟು ಥಂಡಿ ಆದ್ರೂ ಸಾಕು, ಎದಿ ಗುಂಯ್ ಗುಂಯ್ ಅಂತಿತ್ತು. ಡಾಕ್ಟರು "ಒಣಾ ಖೋಲ್ಯಾಗ ಇಡ್ರಿ" ಅಂದಿದ್ರು. ವಖಾರಿ ಹಿಂದ ತಗಡಿನ ಶೆಡ್ಡಿನಾಗ ಇದ್ದವರಿಗೆ ಒಣಾ ಖೋಲಿ ಎಲ್ಲಿಂದ ಬರಬೇಕು? ಆದ್ರ ಬಂತು ನೋಡು. ಪೇಠದಾಗ ಒಂದು ದೊಡ್ಡ ವಾಡೆ, ಆ ಮನಿ ಯಜಮಾನತಿಗೆ ಎಲ್ಲಾರೂ ಕಾಕೂ ಅಂತಿದ್ರು. ಆಕಿ ನಿಮ್ಮಜ್ಜಾರ ಕೈಕೆಲಸ ನೋಡಿ ಮಾಳಿಗಿ ಮ್ಯಾಲಿನ ಸಣ್ಣ ಖೋಲಿ ಕೊಟ್ಲು. ಸಾಗವಾನಿದೊಂದು ದೇವರ ಮಂಟಪ ಮಾಡಿಕೊಡ್ರಿ, ಛಲೋ ಆತಂದ್ರ ಖೋಲಿ ನಿಮಗ, ಮಗಳ ಮದಿವಿ ಕಪಾಟೂ ನಿಮಗ ಅಂತ. ಬಿಸಲು ಬೀಳೂ ಖೋಲಿ, ಗ್ವಾಡಿ ಮುಟ್ಟಿದ್ರ ಬೆಚ್ಚಗ. ಗೌರಿ ಹತ್ತೇ ದಿನದಾಗ, ಹತ್ತೋ ಹದಿನೈದೋ, ನಕ್ಕೋತ ಆಡ್ಲಿಕ್ಕೆ ಹತ್ತಿದ್ಲು. ನಾ ಖರೇ ಹೇಳ್ತೀನಿ, ಆ ಖೋಲಿಗಿಂತ ಸ್ವರ್ಗ ಬ್ಯಾರೆ ಇಲ್ಲಂತ ತಿಳದಿದ್ದೆ.

ಮಂಟಪದ ಕೆಲಸ ಶುರು ಆಗೂ ದಿವಸ ಕಾಕೂ ಬಂದು ನಿಂತು, ಕೈ ಹಿಂಗ ಮಾಡಿ, "ದೇವ್ಹಾರಾ ಸಮೋರಚ್ಯಾಪೇಕ್ಷಾ ಸರಸ ಝಾಲಾ ಪಾಹಿಜೇ ಹಂ! ಏಕದಮ್ ಸರಸ!" ಅಂದ್ಲು. ನಿಮ್ಮಜ್ಜಾರ ಮಾರಿ ಇಳೀತು. ಖೋಲಿಗೆ ಬಂದು ನೀರು ಕುಡದು ಕುಂತ್ರು.

"ಯಾಕ್ರೀ?" ಅಂದೆ.

"ದೇವರ ಮಂಟಪಕ್ಕ ಸರಸ ಹಚ್ಚು ಅಂತಾಳ."

"ಅಯ್ಯ ಶಿವನ, ತೊಗಲಿನ ಅಂಟು? ದೇವರಿಗೆ?"

ನಮ್ಮ ಮಾವಾರು ದೇವರ ಕೆಲಸಕ್ಕ ಸರೇಸಿನ ಡಬ್ಬಿ ಹೊಸ್ತಲ ದಾಟಿಸ್ತಿದ್ದಿಲ್ಲ. ಬಿದಿರಿನ ಮೊಳಿ, ಹುಣಸೀಬೀಜ ಬೀಸಿ ಕುದಿಸಿದ ಅಂಟು, ಅಷ್ಟ. ಇವರೂ ಹುಣಸೀಬೀಜ ನೆನೆ ಹಾಕಿಟ್ಟಿದ್ರು, ನಾನ ಸಿಪ್ಪಿ ಸುಲದಿದ್ದೆ, ಉಗರ ಬ್ಯಾನಿ ಆಗಿತ್ತು. "ಇನ್ನೊಂದು ಸಲ ಕೇಳ್ರಿ, ತಪ್ಪು ತಿಳದೀರಿ" ಅಂದೆ. "ಏನು ಕೇಳೂದು? ಎರಡ ಸಲ ಹೇಳ್ಯಾಳ, ಸರಸ ಸರಸ ಅಂತ. ನಾ ಕಿವುಡ ಏನು? ಇವರ ಪದ್ಧತಿ ಇರಬೇಕು. ಕೇಳಿದ್ರ, ಈ ಕಾನಡೀ ಮಂದಿಗೆ ಏನೂ ತಿಳಿಯೂದಿಲ್ಲ ಅಂತ ನಗತಾರ." ಅಷ್ಟು ಬಿರುಸು ಮನಷ್ಯಾ. ವಖಾರ್ಯಾಗ ಇವರ ಮರಾಠಿ ಕೇಳಿ ನಗತಿದ್ರು ನೋಡು, ಅದು ಒಳಗ ಚುಚ್ಚತಿತ್ತು. ತಾವ ಕೂತು ಸರಸ ಕಾಸಿದ್ರು. ಹಚ್ಚೂವಾಗ ಪ್ರತೀ ಸಂದಿಗೂ ಕೈ ಮುಗದು ಹಚ್ಚಿದ್ರು, ನಾ ನೋಡೀನಿ. ನನಗ ಇವತ್ತಿಗೂ ಸಿಟ್ಟು ಬರ್ತದ, ಸತ್ತವರ ಮ್ಯಾಲೆ ಸಿಟ್ಟು ಮಾಡಬಾರದು ಅಂತಾರ, ನಾ ಮಾಡ್ತೀನಿ.

ಮಂಟಪ ಮಾತ್ರ ಏನ್ ಆಗಿತ್ತಂತೀ. ನವಿಲು, ಬಳ್ಳಿ, ಮ್ಯಾಲೆ ಶಿಖರ. ಕಾಕೂ ಕಣ್ಣಾಗ ನೀರು ತಂದ್ಲು, ನನಗ ಕುಬಸ ಕೊಟ್ಲು. ಆವಾಗ ಬ್ಯಾಸಗಿ. ವಾಸನೀನೂ ಇಲ್ಲ, ಏನೂ ಇಲ್ಲ, ಪಾಲಿಶ್ ಮ್ಯಾಲೆ ಘಮ ಘಮ. ಶ್ರಾವಣ ಬಂತು. ಮಳಿ ಹಿಡದ್ರ ಬಿಡವಲ್ದು, ಕಿಡಕಿ ಎಲ್ಲಾ ಮುಚ್ಚಿ, ಒಳಗ ಹಗಲೂ ರಾತ್ರಿ ನಂದಾದೀಪ. ಮ್ಯಾಲಿಂದ ಥಂಡಿ, ಕೆಳಗಿಂದ ದೀಪದ ಕಾವು. ದೇವರ ಮನ್ಯಾಗ ಏನೋ ನಾರ್ತದ ಅಂತ ಕಾಕೂನ ಅತ್ತಿ ಗದ್ದಲ ಹಾಕಿದ್ಲು. ಇಲಿ ಸತ್ತದೇನು ಅಂತ ಪೆಟಾರಿ ಎಲ್ಲಾ ಸರಿಸಿ ಹುಡಕಿದ್ರಂತ. ಮರುದಿನ ಪೂಜಿ ಹೊತ್ತಿಗೆ ಶಿಖರ ಜಾರಿ ಬಿತ್ತು, ಅವರ ತಲಿತಲಾಂತರದ ಬಾಲಕೃಷ್ಣನ ಮ್ಯಾಲೆ ಬಿತ್ತು. ಮೂರ್ತಿ ಕೈ ಮುರೀತು. ಇನ್ನೊಬ್ಬ ಬಡಗ್ಯಾನ್ನ ಕರೆಸಿದ್ರು, ಅವ ಉಗರಲೇ ಕೆರದು ಮೂಸಿ ನೋಡಿ ಹೇಳಿಬಿಟ್ಟ, ಎಲಬಿನ ಸರಸ ಅಂತ.

ನಮ್ಮನ್ನ ಅಂಗಳಕ್ಕ ಕರದ್ರು. ಗೌರಿ ನನ್ನ ಬಗಲಾಗ ಇದ್ಲು. ಕಾಕೂನ ಅತ್ತಿ, ಆ ಮುದುಕಿ, ಸಿಟ್ಟಿನಿಂದ ಒದರಿದ್ಲು, "ದೇವಾಚ್ಯಾ ಘರಾತ ಹಾಡಾಂಚಾ ಸರಸ! ಕುಣೀ ಸಾಂಗಿತಲಂ ತುಲಾ?" ದೇವರ ಮನ್ಯಾಗ ಎಲಬಿನ ಸರಸ, ಯಾರು ಹೇಳಿದ್ರು ನಿನಗ ಅಂತ. ನಿಮ್ಮಜ್ಜಾರು ಕಾಕೂ ಕಡೆ ಕೈ ಮಾಡಿ, ತಮ್ಮ ಮುರುಕ ಮರಾಠ್ಯಾಗ, "ಕಾಕೂನೀ ಸಾಂಗಿತಲಂ. ಸರಸ ಪಾಹಿಜೇ, ಏಕದಮ್ ಸರಸ," ಅಂದ್ರು, ಸರಸ ಬೇಕಂತ ಕಾಕೂ ತಾವ ಹೇಳಿದ್ರು ಅಂತ. ಅದನ್ನ ಕೇಳಿ ಕಾಕೂನ ಮೈದುನ ಒಬ್ಬಾಂವ ಹೊಟ್ಟಿ ಹಿಡಕೊಂಡು ನಗಲಿಕ್ಕೆ ಸುರು ಮಾಡಿದ, ಅವನ್ನ ನೋಡಿ ಮಾಳಿಗಿ ಮ್ಯಾಲಿನವರೂ ನಕ್ರು. ನಮಗ ತಿಳೀಲಿಲ್ಲ. ಕಡೀಕ ಕಾಕೂ ತಾನ ಸಣ್ಣ ದನಿಲೆ ಹೇಳಿದ್ಲು, ಮರಾಠ್ಯಾಗ ಸರಸ ಅಂದ್ರ ಛಲೋ ಅಂತಾನೂ ಆಗ್ತದ, ತಾ ಅಂದದ್ದು ಎದುರು ಮನೀದಕ್ಕಿಂತ ಛಲೋ ಆಗಬೇಕು ಅಂತ. ನಿಮ್ಮಜ್ಜಾರು ಕೈ ಕೆಳಗ ಬಿಟ್ಟು ನಿಂತಬಿಟ್ರು. ಯಾವ ನಗೂಕ್ಕ ಅಂಜಿ ಬಾಯಿ ಮುಚ್ಚಿದ್ರೋ ಆ ನಗು ಇಡೀ ವಾಡೇದ ತುಂಬ. ನಾ ಕಾಕೂ ಕಾಲು ಹಿಡದೆ. "ಮಳಿಗಾಲ ಮುಗೀಲಿ, ಕೂಸಿಗೆ ಎದಿ ಬ್ಯಾನಿ ಅದ" ಅಂತ ಕನ್ನಡದಾಗ ಒದರಿದೆ, ಆಕಿಗೆ ಎಷ್ಟು ತಿಳೀತೋ. ಆಕಿ ಅತ್ತಿ ಕಡೆ ನೋಡಿದ್ಲು. ಮುದುಕಿ, ತಪ್ಪಿ ಹಚ್ಚಿದ್ರೂ ಎಲಬು ಎಲಬ, ಇವರು ಮನ್ಯಾಗ ಇರಬಾರದು ಅಂದು ಒಳಗ ಹೋದ್ಲು. ಕಾಕೂನೂ ಹೋದ್ಲು. ಆಕೀನೂ ಆ ಮನಿ ಸೊಸಿನ ನೋಡು, ಏನ್ ಮಾಡ್ತಾಳ.

ಮತ್ತ ಆ ತಗಡಿನ ಶೆಡ್ಡಿಗೇ ಬಂದ್ವಿ. ಮ್ಯಾಲಿಂದ ಸೋರೂದು, ಕೆಳಗ ಹಸೀ ಕಟಗೀ ಹೊಟ್ಟು. ನಾಕೂ ಕಡೆ ಗೋಣಿಚೀಲ ಕಟ್ಟಿದ್ವಿ, ಸ್ಟೋವ್ ಹಚ್ಚಿಟ್ವಿ, ನನ್ನ ಸೀರಿ ಎಲ್ಲಾ ಸುತ್ತಿದ್ವಿ. ಸಾಸೂನು... ಆ ದೊಡ್ಡ ದವಾಖಾನಿಗೂ ಎತಗೊಂಡ ಹೋದ್ವಿ, ಅವರೂ ಒಣಾ ಜಾಗಾದಾಗ ಇಡ್ರಿ ಅಂದು ಔಷಧ ಕೊಟ್ರು. ಗಣಪತಿ ಕೂಡ್ರೂಕಿಂತ ಮೊದಲ ಹೋದ್ಲು ಗೌರಿ. ನನ್ನ ತೊಡೀಮ್ಯಾಲೆ. ಎದಿ ಸಪ್ಪಳ ನಿಂತಾಗ ನನಗ ಆರಾಮ ಆತು ಅನ್ನಿಸ್ತು ಮೊದಲು, ನಿದ್ದಿ ಹತ್ತೇದ ಅಂತ ತಿಳದೆ. ಹುಚ್ಚಿ.

ಅಳಬ್ಯಾಡ ಸ್ನೇಹಾ. ನಾ ಅತ್ತು ಮುಗದದ. ನಿಮ್ಮಜ್ಜಾರು ಅಳಲಿಲ್ಲ. ಆಮ್ಯಾಲೆ ಒಂದು ರೂಢಿ ಹತ್ತಿತು. ಯಾವ ಗಿರಾಕಿ ಏನ ಹೇಳ್ಲಿ, "ಮ್ಹಣಜೇ ಕಾಯ?" ಅಂತಿದ್ರು, ಅಂದ್ರ ಏನ್ರೀ ಅಂತ. ಕಪಾಟು ಅಂದ್ರೂ ಕೇಳೂದು, ಬಾಗಲಾ ಅಂದ್ರೂ ಕೇಳೂದು. ಮಂದಿ ಬ್ಯಾಸತ್ತು ಬೈತಿದ್ರು, ಹುಡುಗೂರು ಇವರ ಹಿಂದ "ಮ್ಹಣಜೇ ಕಾಯ, ಮ್ಹಣಜೇ ಕಾಯ" ಅಂತ ಓಡತಿದ್ರು. ಇವರು ತಿರುಗಿ ಸುದ್ಧಾ ನೋಡತಿದ್ದಿಲ್ಲ. ನಿಮ್ಮಪ್ಪ ಬೆಳದದ್ದು, ಓದಿದ್ದು, ಈ ಮನಿ ಆದದ್ದು ಎಲ್ಲಾ ಆ ಬೈಸಿಕೊಂಡ ಬಾಯಿಂದನ. ನೀವೂ ಅಷ್ಟ. ಸಾಲ್ಯಾಗ ಇರ್ಲಿ, ಆಫೀಸಿನಾಗ ಇರ್ಲಿ, ತಿಳೀಲಿಲ್ಲಂದ್ರ ಕೇಳ್ರಿ. ಕೇಳಿದ್ರ ನಗತಾರ, ಅಷ್ಟ. ನಗಲಿ. ನಕ್ಕರ ಯಾರ ಕೂಸೂ ಸಾಯೂದಿಲ್ಲ.